ಸವೆತ: ಒಂದು ಪದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೂಳೆಗೂ ಸವೆತ, ಮಣ್ಣಿಗೂ ಸವೆತ, ಯಂತ್ರಕ್ಕೂ ಸವೆತ, ಮನಸ್ಸಿಗೂ ಸವೆತ. ಈಚೆಗೆ ಕಂಪನಿ ಬಿಟ್ಟು ಹೋಗುವವರ ಲೆಕ್ಕಕ್ಕೂ ಇದೇ ಪದವನ್ನು ಹಚ್ಚಲು ಹೊರಟವರಿದ್ದಾರೆ. ಅನುವಾದ ಮಾಡುವವರು, ವಿದ್ಯಾರ್ಥಿಗಳು, ಸುಮ್ಮನೆ ಕುತೂಹಲಕ್ಕೆ ಕೇಳುವವರು ಎತ್ತುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಒಂದೇ ಸಾಲಿನ ಉತ್ತರ ಸಾಕು, ಕೆಲವು ಎಳೆದಷ್ಟೂ ಬೆಳೆಯುತ್ತವೆ.

ಸವೆತ ಎಂದರೆ ಏನು? ‘ಕಡಿಮೆಯಾಗುವುದು’ ಎಂದರೆ ಸಾಲದೇ?

ಸಾಲದು. ಕೆರೆಯ ನೀರು ಕಡಿಮೆಯಾಗುತ್ತದೆ, ಸವೆಯುವುದಿಲ್ಲ. ಮೇಣದ ಬತ್ತಿ ಕರಗುತ್ತದೆ, ಸವೆಯುವುದಿಲ್ಲ. ಚಪ್ಪಲಿಯ ಹಿಮ್ಮಡಿ ಸವೆಯುತ್ತದೆ, ಬಾವಿಕಟ್ಟೆಯ ಕಲ್ಲು ಹಗ್ಗ ಹರಿದಾಡಿದ ಕಡೆ ಸವೆಯುತ್ತದೆ, ಹಳೆಯ ಮನೆಯ ಹೊಸ್ತಿಲು ನಡುವೆ ಸವೆಯುತ್ತದೆ. ಈ ಮೂರರಲ್ಲೂ ಎರಡು ಅಂಶಗಳಿವೆ. ಒಂದು, ಯಾವುದೋ ಒಂದು ಇನ್ನೊಂದಕ್ಕೆ ಉಜ್ಜುತ್ತಿದೆ. ಎರಡು, ಯಾವ ಒಂದು ಉಜ್ಜೂ ಕಣ್ಣಿಗೆ ಬೀಳುವಷ್ಟು ನಷ್ಟ ಮಾಡುವುದಿಲ್ಲ. ಇಂದು ನೋಡಿದರೆ ನಿನ್ನೆಯಂತೆಯೇ ಇರುತ್ತದೆ. ಹತ್ತು ವರ್ಷದ ಮೇಲೆ ನೋಡಿದರೆ ಕಾಲು ಭಾಗ ಇಲ್ಲ.

ಹಾಗಾಗಿ ಎಲ್ಲಿ ಈ ಪದ ಒಪ್ಪುತ್ತದೆ, ಎಲ್ಲಿ ಒಪ್ಪುವುದಿಲ್ಲ ಎಂಬ ಅನುಮಾನ ಬಂದಾಗ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇಲ್ಲಿ ಯಾವುದಕ್ಕೆ ಯಾವುದು ಉಜ್ಜುತ್ತಿದೆ? ಉತ್ತರ ಸಿಕ್ಕದಿದ್ದರೆ ಬೇರೆ ಪದ ಹುಡುಕುವುದು ಲೇಸು. ಮುಂದಿನ ಉತ್ತರಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ.

ಸವೆತ, ಸವಕಳಿ, ಸವಕಲು: ಮೂರೂ ಒಂದೇ ತಾನೆ?

ಬೇರು ಒಂದೇ, ಕೆಲಸ ಬೇರೆ. ಮೂಲದಲ್ಲಿರುವುದು ‘ಸವೆ’ ಎಂಬ ಕ್ರಿಯಾಪದ. ಕುಣಿಯಿಂದ ಕುಣಿತ, ಸೆಳೆಯಿಂದ ಸೆಳೆತ, ಕೊರೆಯಿಂದ ಕೊರೆತ ಆದ ಹಾಗೆ ಸವೆಯಿಂದ ಸವೆತ. ಅದು ಕ್ರಿಯೆಯ ಹೆಸರು. ‘ಸವಕಲು’ ಸವೆದುಹೋದ ವಸ್ತುವಿನ ಗುಣವನ್ನು ಹೇಳುತ್ತದೆ. ಹರಕಲು ಬಟ್ಟೆ, ಮುರುಕಲು ಗಾಡಿ, ಒಡಕಲು ಪಾತ್ರೆಗಳ ಸಾಲಿನಲ್ಲಿ ನಿಲ್ಲುವ ಪದ. ‘ಸವಕಳಿ’ ಸವೆತದಿಂದ ಆದ ನಷ್ಟ, ಲೆಕ್ಕಕ್ಕೆ ಸಿಕ್ಕುವ ನಷ್ಟ. ಅದಕ್ಕೇ ವಾಣಿಜ್ಯದ ಪಠ್ಯಪುಸ್ತಕಗಳು ಡಿಪ್ರಿಸಿಯೇಷನ್‌ಗೆ ‘ಸವಕಳಿ’ ಎಂಬ ಪದವನ್ನೇ ಹಿಡಿದವು.

ಅದು ಒಳ್ಳೆಯ ಆಯ್ಕೆ ಎಂದೇ ನನ್ನ ಅಭಿಪ್ರಾಯ. ಡಿಪ್ರಿಸಿಯೇಷನ್ ಎಂಬುದರ ಒಳಗಿರುವುದು ಲ್ಯಾಟಿನ್ನಿನ ‘ಪ್ರೆಟಿಯುಮ್’, ಅಂದರೆ ಬೆಲೆ. ಆ ಪದ ಬೆಲೆ ಇಳಿಯುವುದನ್ನು ನೋಡುತ್ತದೆ. ಕನ್ನಡದ ಪದ ಯಂತ್ರವನ್ನೇ ನೋಡುತ್ತದೆ: ಚಕ್ರ ತಿರುಗಿದೆ, ಹಲ್ಲು ಉಜ್ಜಿದೆ, ಲೋಹ ಹೋಗಿದೆ. ಲೆಕ್ಕಶಾಸ್ತ್ರದಲ್ಲಿ ಜಮೀನಿಗೆ ಸಾಮಾನ್ಯವಾಗಿ ಸವಕಳಿ ತೆಗೆಯುವುದಿಲ್ಲ ಎಂಬ ನಿಯಮ ಕನ್ನಡದ ವಿದ್ಯಾರ್ಥಿಗೆ ಬೇಗ ಹಿಡಿಸುವುದಕ್ಕೆ ಪದದ ಈ ಗುಣವೂ ಒಂದು ಕಾರಣ ಇರಬಹುದು. ತೊಂದರೆಯೂ ಇದೆ ಎನ್ನಿ. ಕಂಪ್ಯೂಟರ್ ಮೂರು ವರ್ಷದಲ್ಲಿ ಬೆಲೆ ಕಳೆದುಕೊಳ್ಳುವುದು ಉಜ್ಜಿ ಅಲ್ಲ, ಹೊಸದು ಬಂದದ್ದರಿಂದ. ಅಲ್ಲಿ ‘ಸವಕಳಿ’ ರೂಪಕ ಮಾತ್ರ.

‘ಸವೆದ’ ಸರಿಯೋ ‘ಸವಿದ’ ಸರಿಯೋ?

ಎರಡೂ ಸರಿ, ಆದರೆ ಅದಲು ಬದಲು ಮಾಡುವಂತಿಲ್ಲ. ಸವಿದದ್ದು ನಾಲಗೆಗೆ, ಸವೆದದ್ದು ಹಿಮ್ಮಡಿಗೆ. ‘ನಿಮ್ಮ ಹಾಡುಗಾರಿಕೆಯನ್ನು ಸವೆದೆವು’ ಎಂಬ ಅಭಿನಂದನಾ ಪತ್ರವನ್ನು ನಾನು ಒಮ್ಮೆ ತಿದ್ದಿದ್ದೇನೆ. ತಿದ್ದದೆ ಬಿಟ್ಟಿದ್ದರೆ ಹಾಡಿದವರು ಬೇಸರ ಮಾಡಿಕೊಳ್ಳುತ್ತಿದ್ದರೋ, ನಿಜ ಹೇಳಿದಿರಿ ಎಂದು ನಗುತ್ತಿದ್ದರೋ ಗೊತ್ತಿಲ್ಲ.

ತೇಯುವುದಕ್ಕೂ ಸವೆಯುವುದಕ್ಕೂ ಏನು ವ್ಯತ್ಯಾಸ?

ತೇಯುವುದು ಬೇಕೆಂದೇ ಮಾಡುವ ಕೆಲಸ. ಗಂಧದ ಕೊರಡನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯುತ್ತೇವೆ. ಅದರಿಂದ ಕೊರಡು ಸವೆಯುತ್ತದೆ. ಒಂದೇ ಘಟನೆ, ಕೈಯ ಕಡೆಯಿಂದ ನೋಡಿದರೆ ತೇಯುವುದು, ಕೊರಡಿನ ಕಡೆಯಿಂದ ನೋಡಿದರೆ ಸವೆಯುವುದು. ‘ಮಕ್ಕಳಿಗಾಗಿ ಜೀವ ತೇಯ್ದಳು’ ಎನ್ನುವಾಗ ಆ ಕೊರಡಿನ ಚಿತ್ರವೇ ಹಿಂದೆ ನಿಂತಿರುತ್ತದೆ. ಸುಗಂಧ ಮಕ್ಕಳ ಪಾಲು, ಸವೆತ ಅವಳ ಪಾಲು.

ತೇಯು ದ್ರಾವಿಡ ಭಾಷೆಗಳಲ್ಲಿ ಹರಡಿಕೊಂಡಿರುವ ಹಳೆಯ ಬೇರು. ತಮಿಳಿನಲ್ಲಿ ‘ತೇಯ್’ ಎಂದರೆ ಸವೆ, ಕ್ಷೀಣಿಸು ಎಂದೂ ಆಗುತ್ತದೆ, ಉಜ್ಜು ಎಂದೂ ಆಗುತ್ತದೆ. ಕೃಷ್ಣಪಕ್ಷದ ಚಂದ್ರ ಅವರಿಗೆ ‘ತೇಯ್‌ಪಿರೈ’, ತೇಯುತ್ತ ಹೋಗುವ ಚಂದ್ರ. ನಮ್ಮ ಲೆಕ್ಕಶಾಸ್ತ್ರದ ಸವಕಳಿಗೆ ತಮಿಳಿನವರು ‘ತೇಯ್ಮಾನಂ’ ಎನ್ನುತ್ತಾರೆ. ಮಲಯಾಳದಲ್ಲಿ ಅದೇ ಪದ ಮೂಳೆ ಸವೆತಕ್ಕೆ ಬಳಕೆಯಲ್ಲಿದೆ. ಕನ್ನಡ ಮಾತ್ರ ಕೆಲಸವನ್ನು ಎರಡು ಪದಗಳಿಗೆ ಹಂಚಿಕೊಟ್ಟಿತು: ಉಜ್ಜುವುದಕ್ಕೆ ತೇಯು, ಉಜ್ಜಿಸಿಕೊಂಡು ಕಡಿಮೆಯಾಗುವುದಕ್ಕೆ ಸವೆ. ಆದರೂ ‘ತೇಯ್ದುಹೋಗಿದೆ’ ಎಂಬ ಬಳಕೆಯಲ್ಲಿ ಹಳೆಯ ಅರ್ಥ ಇಣುಕುತ್ತದೆ.

ಕ್ಷಯ ಎಂಬ ಸಂಸ್ಕೃತ ಪದ ಇದಕ್ಕೆ ಸಮಾನವೇ?

ಹತ್ತಿರದ್ದು, ಸಮಾನವಲ್ಲ. ಕ್ಷಯದಲ್ಲಿ ಉಜ್ಜುವಿಕೆ ಇಲ್ಲ, ಒಳಗಿನಿಂದ ಸೊರಗುವುದಿದೆ. ಅದರ ಧಾತು ‘ಕ್ಷಿ’. ಗ್ರೀಕರು ಮೈ ಸೊರಗಿಸುವ ರೋಗವನ್ನು ‘ಫ್ತಿಸಿಸ್’ ಎಂದು ಕರೆದರು. ಅದೂ ‘ಕ್ಷಿ’ಯೂ ಒಂದೇ ಇಂಡೋ-ಯುರೋಪಿಯನ್ ಮೂಲದಿಂದ ಕವಲೊಡೆದ ಪದಗಳು. ಕಿವಿಗೆ ಒಂದಿಷ್ಟೂ ಹೋಲದ ಈ ಎರಡು ಪದಗಳು ಬೇರೆ ಬೇರೆ ನಾಡುಗಳಲ್ಲಿ ಒಂದೇ ಕಾಯಿಲೆಗೆ ಹೆಸರಾಗಿ ನಿಂತವು. ಇಂಗ್ಲಿಷಿನವರು ಅದನ್ನೇ ‘ಕನ್ಸಂಪ್ಷನ್’, ತಿಂದುಹಾಕುವಿಕೆ, ಎಂದರು. ಮೂರೂ ರೋಗಿಯನ್ನು ನೋಡಿ ಇಟ್ಟ ಹೆಸರುಗಳು. ಕಾರಣ ಒಂದು ಬ್ಯಾಕ್ಟೀರಿಯಾ ಎಂದು ರಾಬರ್ಟ್ ಕಾಕ್ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಪ್ರಕಟಿಸಿದ ಮೇಲೂ ಕನ್ನಡದಲ್ಲಿ ಹೆಸರು ಬದಲಾಗಲಿಲ್ಲ.

ಸವೆತಕ್ಕೆ ಇಂಗ್ಲಿಷಿನಲ್ಲಿ ಹೇಳುವ ಅಟ್ರಿಷನ್ ಎಂಬ ಪದ ಎಲ್ಲಿಂದ ಬಂತು?

ಲ್ಯಾಟಿನ್ನಿನಿಂದ. ‘ತೆರೆರೆ’ ಎಂದರೆ ಉಜ್ಜು. ‘ಅದ್’ ಎಂಬ ಉಪಸರ್ಗ ಸೇರಿ ‘ಅತ್ತೆರೆರೆ’, ಒಂದಕ್ಕೆ ಒತ್ತಿ ಉಜ್ಜು, ಉಜ್ಜಿ ಸವೆಸು. ಅದರಿಂದ ‘ಅತ್ತ್ರಿತಿಯೊ’, ಅದರಿಂದ ಅಟ್ರಿಷನ್. ಅಂದರೆ ನಮ್ಮ ಸವೆತದೊಳಗಿರುವ ಚಿತ್ರವೇ ಅಲ್ಲಿಯೂ ಇದೆ.

ಈ ‘ತೆರೆರೆ’ಯ ಸಂತಾನ ದೊಡ್ಡದು. ಉಜ್ಜಿ ಉದುರಿದ ಚೂರು ಡೆಟ್ರಿಟಸ್. ಉಜ್ಜಿ ಹೋದದ್ದರಿಂದ ಆದ ಹಾನಿ ಡೆಟ್ರಿಮೆಂಟ್. ರೋಮನ್ನರು ಕಣದಲ್ಲಿ ಕಾಳು ಬಿಡಿಸಲು ತೆನೆಗಳ ಮೇಲೆ ಎಳೆಸುತ್ತಿದ್ದ, ಅಡಿಯಲ್ಲಿ ಚೂಪು ಕಲ್ಲು ಅಥವಾ ಕಬ್ಬಿಣ ಕೂರಿಸಿದ ಹಲಗೆಗೆ ‘ತ್ರಿಬುಲುಮ್’ ಎಂದು ಹೆಸರು. ಆ ಹಲಗೆಯ ಕೆಳಗೆ ಸಿಕ್ಕಿದ ತೆನೆಯ ಪಾಡೇ ಟ್ರಿಬ್ಯುಲೇಷನ್, ಅಂದರೆ ಸಂಕಟ. ಗ್ರೀಕಿನಲ್ಲಿ ಇದೇ ಬಳಗದ ‘ತ್ರಿಬೊಸ್’ ಇದೆ, ಉಜ್ಜುವಿಕೆ ಎಂದೇ ಅರ್ಥ. 1966ರಲ್ಲಿ ಬ್ರಿಟನ್ನಿನಲ್ಲಿ ಪೀಟರ್ ಜೋಸ್ಟ್ ನೇತೃತ್ವದ ವರದಿಯೊಂದು ಘರ್ಷಣೆ, ಸವೆತ, ಜಾರುಗೊಳಿಸುವಿಕೆ ಮೂರನ್ನೂ ಒಟ್ಟಿಗೆ ಅಭ್ಯಾಸ ಮಾಡುವ ವಿಜ್ಞಾನಕ್ಕೆ ‘ಟ್ರೈಬಾಲಜಿ’ ಎಂಬ ಹೆಸರನ್ನು ಚಾಲ್ತಿಗೆ ತಂದಾಗ ಅದನ್ನೇ ಬಳಸಿತು. ಆ ವಿಜ್ಞಾನದ ಒಂದು ಸರಳ ಸೂತ್ರ, 1953ರಲ್ಲಿ ಆರ್ಚರ್ಡ್ ಬರೆದದ್ದು, ಹೇಳುವುದಿಷ್ಟು: ಮೇಲಿನ ಭಾರ ಹೆಚ್ಚಿದಷ್ಟೂ, ಉಜ್ಜಿದ ದೂರ ಹೆಚ್ಚಿದಷ್ಟೂ ಸವೆತ ಹೆಚ್ಚು, ಮೇಲ್ಮೈ ಗಟ್ಟಿಯಾದಷ್ಟೂ ಕಡಿಮೆ. ಹೆಚ್ಚು ಹೊತ್ತವರು, ಹೆಚ್ಚು ನಡೆದವರು ಬೇಗ ಸವೆಯುತ್ತಾರೆ ಎಂಬುದಕ್ಕೆ ನಮಗೆ ಸೂತ್ರ ಬೇಕಿರಲಿಲ್ಲ, ಆದರೂ ಇದ್ದರೆ ಒಳ್ಳೆಯದೇ.

ಅಟ್ರಿಷನ್ ಪದಕ್ಕೆ ಪಾಪದ ಜೊತೆ ನಂಟಿದೆ ಎಂದು ಓದಿದ್ದೆ. ನಿಜವೇ?

ನಿಜ. ಇಂಗ್ಲಿಷಿಗೆ ಅಟ್ರಿಷನ್ 14ನೆಯ ಶತಮಾನದಲ್ಲಿ ಬಂದದ್ದೇ ಕ್ರೈಸ್ತ ದೇವಶಾಸ್ತ್ರದ ಬಾಗಿಲಿನಿಂದ. ಮಾಡಿದ ಪಾಪಕ್ಕೆ ದೇವರ ಮೇಲಿನ ಪ್ರೀತಿಯಿಂದ ಹುಟ್ಟುವ ಪಶ್ಚಾತ್ತಾಪ ‘ಕಂಟ್ರಿಷನ್’: ಮನಸ್ಸು ಪೂರ್ತಿ ಅರೆದು ಪುಡಿಯಾಗಿದೆ ಎಂದು ಪದದ ಅರ್ಥ. ನರಕದ ಭಯದಿಂದಲೋ ಪಾಪದ ನಾಚಿಕೆಯಿಂದಲೋ ಹುಟ್ಟಿದ್ದು ‘ಅಟ್ರಿಷನ್’: ಮನಸ್ಸು ಉಜ್ಜಿಸಿಕೊಂಡಿದೆ, ಪುಡಿಯಾಗಿಲ್ಲ. 1551ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಧರ್ಮಸಭೆ ಎರಡನೆಯದನ್ನು ಅಪೂರ್ಣ ಪಶ್ಚಾತ್ತಾಪ ಎಂದು ಗುರುತಿಸಿಯೂ ಅದು ದೇವರ ಕೊಡುಗೆಯೇ ಎಂದು ಹೇಳಿತು. ಅರೆಯುವುದಕ್ಕೂ ತೇಯುವುದಕ್ಕೂ ಇರುವ ವ್ಯತ್ಯಾಸವನ್ನು ಬಲ್ಲ ಯಾರಿಗೂ ಇದು ಕಷ್ಟದ ಶಾಸ್ತ್ರವಲ್ಲ.

‘ವಾರ್ ಆಫ್ ಅಟ್ರಿಷನ್’ ಎಂಬುದನ್ನು ಕನ್ನಡದಲ್ಲಿ ಹೇಗೆ ಹೇಳುವುದು?

‘ದೀರ್ಘಕಾಲದ ಯುದ್ಧ’ ಎಂದು ಬರೆಯುವವರಿದ್ದಾರೆ. ಅದು ಅರ್ಧ ಉತ್ತರ. ಉದ್ದವಾಗಿರುವುದೊಂದೇ ಅದರ ಲಕ್ಷಣವಲ್ಲ. ಒಂದೇ ಏಟಿಗೆ ಗೆಲ್ಲಲು ಆಗದಿದ್ದಾಗ, ಎದುರಾಳಿಯ ಜನ, ಆಯುಧ, ದವಸ, ಧೈರ್ಯ ನಮ್ಮವಕ್ಕಿಂತ ಮೊದಲು ತೀರಲಿ ಎಂದು ಹಿಡಿದು ಕೂರುವ ಯುದ್ಧ ಅದು. ಇಬ್ಬರೂ ಸವೆಯುತ್ತಾರೆ, ಯಾರು ತಡವಾಗಿ ಸವೆಯುತ್ತಾರೆ ಎಂಬುದಷ್ಟೇ ಪಂದ್ಯ. ‘ಸವೆಸುವ ಯುದ್ಧ’ ಎಂದರೆ ಸಾಕು ಎಂಬುದು ನನ್ನ ಆಯ್ಕೆ. ‘ಸವೆತದ ಯುದ್ಧ’ ಎಂದರೆ ಮಣ್ಣಿನ ಸವೆತದ ವಿರುದ್ಧ ಹೋರಾಟವೋ ಎನಿಸುತ್ತದೆ.

ತಂತ್ರ ಹಳೆಯದು. ಕ್ರಿಸ್ತಪೂರ್ವ 217ರಲ್ಲಿ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಇಟಲಿಯೊಳಗೆ ನುಗ್ಗಿ ಗೆಲ್ಲುತ್ತ ಬಂದಾಗ ರೋಮಿನ ಫೇಬಿಯಸ್ ಎದುರಾಎದುರು ಕಾದಾಡದೆ, ಹಿಂದೆ ಹಿಂದೆ ಹೋಗಿ ಅವನ ಮೇವು ದವಸಗಳಿಗೆ ಅಡ್ಡಿಯಾದ. ಅವನ ಜನರೇ ಅವನನ್ನು ‘ಕುಂಕ್ಟಾಟರ್’, ಕಾಲಹರಣ ಮಾಡುವವನು, ಎಂದು ಹಂಗಿಸಿದರು. ಮುಂದೆ ಅದೇ ಹೆಸರು ಬಿರುದಾಯಿತು. ಪದ ಮಾತ್ರ ಈ ಅರ್ಥದಲ್ಲಿ ನೆಲೆಯಾದದ್ದು ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ. ಫ್ರಾನ್ಸಿನ ವೆರ್ದನ್‌ನಲ್ಲಿ 1916ರ ಫೆಬ್ರವರಿ 21ರಿಂದ ಡಿಸೆಂಬರ್ 18ರವರೆಗೆ ಕಾದಾಟ ನಡೆಯಿತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಎರಡೂ ಕಡೆ ಸೇರಿ ಸುಮಾರು 7 ಲಕ್ಷ. ಫ್ರೆಂಚರ ರಕ್ತ ಬಸಿದು ಬಿಳಿಚುವಂತೆ ಮಾಡುವುದೇ ತನ್ನ ಉದ್ದೇಶವಾಗಿತ್ತು ಎಂದು ಜರ್ಮನ್ ಸೇನಾಪತಿ ಫಾಲ್ಕೆನ್‌ಹೈನ್ ಯುದ್ಧ ಮುಗಿದ ಮೇಲೆ ಬರೆದುಕೊಂಡ. ಸೋತ ಮೇಲೆ ಕಟ್ಟಿದ ಸಮಜಾಯಿಷಿ ಅದು ಎಂದು ಅನುಮಾನಿಸುವ ಇತಿಹಾಸಕಾರರಿದ್ದಾರೆ. ಅವನು ಆ ಯುದ್ಧಕ್ಕೆ ಪೂರ್ವದಲ್ಲಿ ಬರೆದೆ ಎಂದ ಟಿಪ್ಪಣಿಯ ಮೂಲ ಪ್ರತಿ ಎಲ್ಲಿಯೂ ಸಿಕ್ಕಿಲ್ಲ.

ಇದೇ ಹೆಸರನ್ನೇ ಹೊತ್ತ ಯುದ್ಧವೂ ಒಂದಿದೆ. ಸೂಯೆಜ್ ಕಾಲುವೆಯ ಎರಡು ದಡಗಳಲ್ಲಿ ಈಜಿಪ್ಟ್ ಮತ್ತು ಇಸ್ರೇಲ್ 1969ರ ಮಾರ್ಚ್‌ನಿಂದ 1970ರ ಆಗಸ್ಟ್‌ವರೆಗೆ ನಡೆಸಿದ್ದು. ಅರಬ್ಬಿಯಲ್ಲಿ ಅದರ ಹೆಸರು ‘ಹರ್ಬ್ ಅಲ್ ಇಸ್ತಿನ್ಜಾಫ್’. ‘ನಜ್ಫ್’ ಎಂದರೆ ರಕ್ತಸ್ರಾವ. ಹೀಗಾಗಿ ಅದು ಬಸಿಯುವ ಯುದ್ಧ. ಒಂದೇ ಯುದ್ಧ, ಒಬ್ಬರಿಗೆ ಉಜ್ಜುವ ಚಿತ್ರ, ಇನ್ನೊಬ್ಬರಿಗೆ ಬಸಿಯುವ ಚಿತ್ರ.

ವೈದ್ಯರು ‘ಮೂಳೆ ಸವೆದಿದೆ’ ಎಂದರು. ಅದು ಯಾವ ಕಾಯಿಲೆ?

ಮತ್ತೊಮ್ಮೆ ಅವರನ್ನೇ ಕೇಳಿ. ತಮಾಷೆಯಲ್ಲ: ಕನ್ನಡದಲ್ಲಿ ಈ ಒಂದು ಮಾತು ಎರಡು ಬೇರೆ ಕಾಯಿಲೆಗಳಿಗೆ ಬಳಕೆಯಾಗುತ್ತಿದೆ, ಪತ್ರಿಕೆಗಳ ಆರೋಗ್ಯ ಪುಟಗಳಲ್ಲೂ.

ಒಂದು ಆಸ್ಟಿಯೊಆರ್ಥ್ರೈಟಿಸ್. ಮೊಣಕಾಲಿನಂಥ ಕೀಲುಗಳಲ್ಲಿ ಮೂಳೆಯ ತುದಿಗೆ ಹೊದಿಸಿದ ನುಣುಪಾದ ಮೃದ್ವಸ್ಥಿ ತೆಳುವಾಗುತ್ತ ಹೋಗುತ್ತದೆ. ನಡೆದರೆ, ಮೆಟ್ಟಿಲು ಹತ್ತಿದರೆ ನೋವು. ಇಲ್ಲಿ ಯಾವುದಕ್ಕೆ ಯಾವುದು ಉಜ್ಜುತ್ತಿದೆ ಎಂಬ ಪ್ರಶ್ನೆಗೆ ಉತ್ತರವಿದೆ. ಇದು ಬರೀ ಯಂತ್ರದಂತೆ ಸವೆಯುವುದಲ್ಲ, ಇಡೀ ಕೀಲು ಪಾಲುಗೊಳ್ಳುವ ಕಾಯಿಲೆ ಎಂದು ಈಗಿನ ವೈದ್ಯಶಾಸ್ತ್ರ ಹೇಳುತ್ತದೆ. ಆದರೂ ‘ಕೀಲು ಸವೆತ’ ಎಂದರೆ ದೊಡ್ಡ ತಪ್ಪಿಲ್ಲ.

ಇನ್ನೊಂದು ಆಸ್ಟಿಯೊಪೊರೊಸಿಸ್. ಮೂಳೆಯ ಒಳಗಿನ ಸಾಂದ್ರತೆ ಕಡಿಮೆಯಾಗಿ ಅದು ಟೊಳ್ಳಾಗುತ್ತದೆ. ಸಾಮಾನ್ಯವಾಗಿ ನೋವೇ ಇರುವುದಿಲ್ಲ, ಸಣ್ಣ ಬೀಳಿಗೆ ಮೂಳೆ ಮುರಿದಾಗಲೇ ತಿಳಿಯುವುದೂ ಉಂಟು. ಇಲ್ಲಿ ಯಾವುದೂ ಯಾವುದಕ್ಕೂ ಉಜ್ಜುವುದಿಲ್ಲ. ಇದನ್ನು ‘ಮೂಳೆ ಸವೆತ’ ಎಂದು ಬರೆಯುವುದನ್ನು ನಿಲ್ಲಿಸಬೇಕು. ‘ಮೂಳೆ ಟೊಳ್ಳಾಗುವುದು’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಗ್ರೀಕ್ ಹೆಸರಿನ ‘ಪೊರೊಸ್’ ಹೇಳುವುದೂ ಒಳಗಿನ ರಂಧ್ರಗಳನ್ನೇ. ಎರಡರ ಚಿಕಿತ್ಸೆಯೂ ಬೇರೆಯಾದ್ದರಿಂದ ಇದು ಪದಗಳ ಮೇಲಿನ ಚೌಕಾಸಿಯಲ್ಲ.

ಹಲ್ಲಿನ ಸವೆತ?

ದಂತವೈದ್ಯರು ಇದರಲ್ಲಿ ನಮಗಿಂತ ಕಟ್ಟುನಿಟ್ಟು. ಹಲ್ಲಿಗೆ ಹಲ್ಲು ಉಜ್ಜಿ ಸವೆದರೆ ಅಟ್ರಿಷನ್, ನಿದ್ದೆಯಲ್ಲಿ ಹಲ್ಲು ಕಡಿಯುವವರಲ್ಲಿ ಹೆಚ್ಚು. ಬ್ರಷ್‌ನಂಥ ಹೊರಗಿನ ವಸ್ತು ಉಜ್ಜಿ ಸವೆದರೆ ಅಬ್ರೇಷನ್. ಆಮ್ಲ ತಾಗಿ ಕರಗಿದರೆ ಇರೋಷನ್. ಎನಾಮೆಲ್ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು, ಆದರೆ ಹೋದದ್ದು ಮತ್ತೆ ಬೆಳೆಯುವುದಿಲ್ಲ.

ಮಣ್ಣಿನ ಸವಕಳಿ, ಕಡಲ್ಕೊರೆತ: ಒಂದೇ ಪದ ಏಕಿಲ್ಲ?

ಇರಬೇಕಾಗಿಲ್ಲ. ಇಂಗ್ಲಿಷ್ ಎರಡಕ್ಕೂ ಇರೋಷನ್ ಎನ್ನುತ್ತದೆ. ಲ್ಯಾಟಿನ್ನಿನ ‘ರೋದೆರೆ’, ಹಲ್ಲಿನಿಂದ ಕಡಿದು ತಿನ್ನು, ಎಂಬುದರಿಂದ. ಇಲಿಯಂಥ ಪ್ರಾಣಿಗಳ ವರ್ಗಕ್ಕೆ ರೋಡೆಂಟ್ ಎಂಬ ಹೆಸರು ಬಂದದ್ದೂ ಅದರಿಂದಲೇ. ಕನ್ನಡ ಕಣ್ಣಿಟ್ಟು ನೋಡಿ ಬೇರೆ ಮಾಡಿದೆ. ಹೊಲದ ಮೇಲುಮಣ್ಣು ಮಳೆ ಮಳೆಗೂ ಒಂದೊಂದು ಪದರ ಹೋಗುತ್ತದೆ, ಅದು ಸವಕಳಿ. ಸಮುದ್ರ ದಡದ ಬುಡವನ್ನು ಒಳಗಿನಿಂದ ಕೊಯ್ದು ಒಂದು ದಿನ ಮರ ಸಮೇತ ಕೆಡವುತ್ತದೆ, ಅದು ಕೊರೆತ. ಭೂಗೋಳದವರು ಅಟ್ರಿಷನ್ ಎನ್ನುವುದು ಮೂರನೆಯದಕ್ಕೆ: ನದಿಯಲ್ಲಿ, ಅಲೆಗಳಲ್ಲಿ ಉರುಳುವ ಕಲ್ಲುಗಳು ಒಂದಕ್ಕೊಂದು ತಾಗಿ ಮೂಲೆ ಕಳೆದುಕೊಂಡು ಗುಂಡಾಗುವುದು. ಅದಕ್ಕೆ ‘ಸವೆತ’ ಹೇಳಿ ಮಾಡಿಸಿದಂತಿದೆ.

ಕಂಪನಿಗಳ ‘ಅಟ್ರಿಷನ್ ದರ’ವನ್ನು ‘ಸವೆತ ದರ’ ಎನ್ನಬಹುದೇ?

ದಯವಿಟ್ಟು ಬೇಡ. ವರ್ಷದಲ್ಲಿ ಬಿಟ್ಟು ಹೋದವರ ಸಂಖ್ಯೆಯನ್ನು ಆ ವರ್ಷದ ಸರಾಸರಿ ಸಿಬ್ಬಂದಿ ಸಂಖ್ಯೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವುದು ಈ ದರ. ಸರಾಸರಿ 200 ಜನರಿದ್ದು 30 ಜನ ಹೋದರೆ ಶೇ 15. ನಿವೃತ್ತರಾದವರ, ಬಿಟ್ಟವರ ಜಾಗಕ್ಕೆ ಯಾರನ್ನೂ ತುಂಬದೆ ಸಂಸ್ಥೆಯನ್ನು ಸದ್ದಿಲ್ಲದೆ ಸಣ್ಣದು ಮಾಡುವುದಕ್ಕೆ ಈ ಪದವನ್ನು ಬಳಸುತ್ತಿದ್ದಾಗ ಅದರಲ್ಲಿ ಸವೆತದ ಅರ್ಥವಿತ್ತು: ಸಂಸ್ಥೆ ನಿಜವಾಗಿ ಸವೆಯುತ್ತಿತ್ತು. ಈಗ ಹೋದವರ ಕುರ್ಚಿ ಆರುವ ಮೊದಲೇ ಹೊಸಬರು ಬಂದು ಕೂರುತ್ತಾರೆ, ಆದರೂ ಅಟ್ರಿಷನ್ ಎನ್ನುತ್ತಾರೆ. ‘ಕೆಲಸ ಬಿಡುವವರ ಪ್ರಮಾಣ’ ಎಂದರೆ ಮುಗಿಯಿತು. ಸವೆದದ್ದು ಯಾರು ಎಂದು ಕೇಳಿದರೆ, ಬಿಟ್ಟವರ ಕೆಲಸವನ್ನೂ ಸೇರಿಸಿಕೊಂಡು ಉಳಿದವರು ಎಂದು ಹೇಳಬೇಕಾಗುತ್ತದೆ.

‘ದಾರಿ ಸವೆಯಿತು’ ಎನ್ನುತ್ತೇವಲ್ಲ, ದಾರಿ ಹೇಗೆ ಸವೆಯುತ್ತದೆ?

ಕಾಲಿಗೆ ಉಜ್ಜಿ. ಸವೆಯುವುದು ಚಪ್ಪಲಿ ಎಂಬುದು ನಿಜ, ಆದರೆ ನಡೆಯುವವನ ದೃಷ್ಟಿಯಲ್ಲಿ ಮುಂದಿರುವ ದಾರಿ ಕಡಿಮೆಯಾಗುತ್ತ ಬರುತ್ತದೆ. ಮಾತನಾಡುತ್ತ ಹೋದರೆ ‘ದಾರಿ ಸವೆದದ್ದೇ ತಿಳಿಯಲಿಲ್ಲ’. ಬದುಕು ಸವೆಸುವುದು, ಕಾಲ ಸವೆಸುವುದು, ಆಯುಷ್ಯ ಸವೆಸುವುದು ಎಲ್ಲ ಇದರ ಬೆನ್ನಿಗೇ ಬಂದವು.

ಗ್ರೀಕರೂ ಹೀಗೆಯೇ ಹೇಳಿದರು ಎಂಬುದು ನನಗೆ ಬಹಳ ಸಂತೋಷ ಕೊಟ್ಟ ಸಂಗತಿ. ‘ದಿಯಾತ್ರಿಬೆ’, ಪೂರ್ತಿ ಉಜ್ಜಿ ಸವೆಸುವುದು, ಅವರಲ್ಲಿ ಕಾಲ ಸವೆಸುವುದು ಎಂದಾಯಿತು. ಬಿಡುವಿನ ಕಾಲವನ್ನು ಗುರುವಿನ ಜೊತೆ ಸವೆಸಿದರೆ ಅದು ಪಾಠ, ಪ್ರವಚನ. ಆ ಪ್ರವಚನ ಇಂಗ್ಲಿಷಿಗೆ ಬಂದು ‘ಡಯಾಟ್ರೈಬ್’ ಆಗುವ ಹೊತ್ತಿಗೆ ಬೈಗುಳದ ಭಾಷಣವಾಗಿತ್ತು. ಉದ್ದದ ಪ್ರವಚನ ಕೇಳಿದವರಿಗೆ ಈ ಅರ್ಥವಿಕಾಸವನ್ನು ವಿವರಿಸಬೇಕಿಲ್ಲ.

‘ಸವಕಲು ಮಾತು’ ಇಂಗ್ಲಿಷಿನಿಂದ ಅನುವಾದವಾದದ್ದೇ?

ಹಾಗೆ ಭಾವಿಸಲು ಕಾರಣವಿಲ್ಲ. ಇಂಗ್ಲಿಷಿನ ‘ಟ್ರೈಟ್’ ಕೂಡ ‘ತೆರೆರೆ’ಯಿಂದಲೇ ಬಂದದ್ದು, ಸವೆದದ್ದು ಎಂದೇ ಅರ್ಥ. ಆದರೆ ಕೈಯಿಂದ ಕೈಗೆ ದಾಟಿ ಮುದ್ರೆ ಅಳಿಸಿಹೋದ ನಾಣ್ಯವನ್ನು ಕಂಡ ಯಾವ ಭಾಷೆಗೂ ಈ ಹೋಲಿಕೆ ತಾನಾಗಿ ಹೊಳೆಯುತ್ತದೆ. ಸವಕಲು ನಾಣ್ಯಕ್ಕೆ ಕಾನೂನೂ ಇತ್ತು: ಬ್ರಿಟನ್ನಿನ 1870ರ ನಾಣ್ಯ ಕಾಯ್ದೆಯ ಪ್ರಕಾರ ಚಿನ್ನದ ಸಾವರಿನ್ ಹೊಸದಾಗಿ 7.988 ಗ್ರಾಂ ತೂಗಬೇಕು. ಬಳಸಿ ಸವೆದು ಸುಮಾರು 7.938 ಗ್ರಾಂಗಿಂತ ಕೆಳಗಿಳಿದರೆ ಅದು ಕಾನೂನುಬದ್ಧ ಹಣವಲ್ಲ. ಗ್ರಾಮಿನ ಇಪ್ಪತ್ತನೆಯ ಒಂದು ಪಾಲಿನಷ್ಟೇ ಸವೆತಕ್ಕೆ ಅವಕಾಶ. ಭಾಷಣಗಳಿಗೆ ಅಂಥ ಕಾಯ್ದೆ ಇಲ್ಲ.

ಸವೆತ ಯಾವಾಗಲೂ ಕೆಟ್ಟದ್ದೇ?

ಸಾಣೆ ಹಿಡಿಯುವುದೂ ಸವೆಸುವುದೇ. ಕತ್ತಿ ಹರಿತವಾಗುವುದು ತನ್ನ ಲೋಹವನ್ನು ಕಳೆದುಕೊಂಡು.

ಭಾಷೆಯೂ ಸವೆಯುತ್ತದೆಯೇ?

ನಾಲಗೆಗೆ ಉಜ್ಜಿ ಉಜ್ಜಿ ಸವೆಯುತ್ತದೆ. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’. ತುಟಿಗಳನ್ನು ಮುಚ್ಚಿ ಬಿಡಬೇಕಾಗಿದ್ದ ಸದ್ದು ಬರೀ ಉಸಿರಾಯಿತು. ಕೆಲವರ ಮಾತಿನಲ್ಲಿ ಆ ಉಸಿರೂ ಹೋಗಿ ‘ಆಲು’ ಎಂದಾಗಿದೆ. ಪಕಾರ, ಹಕಾರ, ಆಮೇಲೆ ಏನೂ ಇಲ್ಲ: ಹೊಸ್ತಿಲು ಸವೆಯುವುದೂ ಹೀಗೆಯೇ.

ಅಕ್ಷರ ಎಂದರೆ ಕ್ಷರವಲ್ಲದ್ದು, ನಾಶವಿಲ್ಲದ್ದು ಎಂದು ಅರ್ಥ. ಆದರೆ ಕನ್ನಡ ಎರಡು ಅಕ್ಷರಗಳನ್ನೇ ಸವೆಸಿಬಿಟ್ಟಿತು. ಱ ಎಂಬುದು ರಕಾರದೊಳಗೆ ಸೇರಿಹೋಯಿತು, ೞ ಎಂಬುದು ಳಕಾರದೊಳಗೆ. ಯೂನಿಕೋಡ್ ಎರಡಕ್ಕೂ ಜಾಗ ಕೊಟ್ಟಿರುವುದರಿಂದ ಇಲ್ಲಿ ಅಚ್ಚು ಮಾಡಲು ಸಾಧ್ಯವಾಯಿತು. ಇವು ಇದ್ದ ಜಾಗವನ್ನು ಹುಡುಕಲು ಹಳೆಯ ಕಾವ್ಯಗಳಿಗೆ ಹೋಗಬೇಕಾಗಿಲ್ಲ, ಬೆರಳು ಮಡಚಿ ಎಣಿಸಿದರೆ ಸಾಕು. ‘ಆರು’ ಹಿಂದೆ ‘ಆಱು’ ಆಗಿತ್ತು, ‘ಏಳು’ ಹಿಂದೆ ‘ಏೞು’ ಆಗಿತ್ತು. ತಮಿಳಿನವರು ಆ ಎರಡು ಸಂಖ್ಯೆಗಳನ್ನು ಇಂದಿಗೂ ಆ ಅಕ್ಷರಗಳಲ್ಲಿಯೇ ಬರೆಯುತ್ತಾರೆ.